ಚೀಟಿಯ ನುಡಿ, ಸರಕಿನ ನಡೆ



ನುಡಿಗೂ ನಡೆಗೂ ಅಂತರವಾದರೆ ಮನುಷ್ಯ ಕೆಡುತ್ತಾನೆ. ಸರಕಿನ ಮೇಲಿನ ಚೀಟಿಗೂ ಒಳಗಿನ ಪದಾರ್ಥಕ್ಕೂ ಅಂತರವಾದರೆ ಕೊಂಡವನು ಕೆಡುತ್ತಾನೆ. ಇ-ಸಿಗರೇಟಿನ ವ್ಯಾಪಾರದಲ್ಲಿ ಕಂಡುಬಂದಿರುವುದು ಇದೇ ಅಂತರ.

2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎರಡು ಕಂಪನಿಗಳ ಇ-ಸಿಗರೇಟುಗಳನ್ನು ಪರೀಕ್ಷಿಸಿತು. ನಿಕೋಟಿನ್ ಇಲ್ಲವೆಂದು ಬರೆದಿದ್ದವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಅಲ್ಪ ಪ್ರಮಾಣದ ನಿಕೋಟಿನ್ ಸಿಕ್ಕಿತು. ಮುಂದೆ 2019ರಲ್ಲಿ ಆ ದೇಶದಲ್ಲಿ ಇವನ್ನು ಸೇದಿದವರಿಗೆ ಶ್ವಾಸಕೋಶದ ಬೇನೆ ಹಬ್ಬಿತು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು ದಾಖಲಾಗಿ, 68 ಜನ ಅಸುನೀಗಿದ್ದರು. ಕಳ್ಳದಾರಿಯಲ್ಲಿ ಮಾರಿದ ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟಿನ ಮೇಲೆ ವೈದ್ಯರು ಬೆರಳಿಟ್ಟರು. ಚೀಟಿ ಅದನ್ನು ಹೇಳಿರಲಿಲ್ಲ.

ನಮ್ಮ ದೇಶ 2019ರಲ್ಲಿಯೇ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆದಕಾರಣ ಇಲ್ಲಿ ಗುಟ್ಟಾಗಿ ಮಾರುವುದೆಲ್ಲ ಕಳ್ಳ ಸರಕೇ. ಅದರ ಚೀಟಿಯನ್ನು ಪರೀಕ್ಷಿಸುವ ಅಧಿಕಾರಿಯಿಲ್ಲ; ಮೋಸಹೋದವನು ದೂರು ಕೊಡಲೂ ಹಿಂಜರಿಯುತ್ತಾನೆ. ಈ ಮೌನವೇ ಕಳ್ಳ ವ್ಯಾಪಾರಿಯ ಬಂಡವಾಳ.

ತಾಯಂದಿರೇ, ತಂದೆಯವರೇ, ಪೆನ್ನಿನಂಥ ಸಾಧನ, ಹಣ್ಣಿನಂಥ ವಾಸನೆ ಮಗನ ಕೋಣೆಯಲ್ಲಿ ಕಂಡರೆ ಬೈದು ಹೊರಗಟ್ಟಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ವ್ಯಾಪಾರಿಗಳೇ, ಪರರ ಮಕ್ಕಳ ಉಸಿರು ಕೆಡಿಸುವ ದುಡಿಮೆ ಕಾಯಕವಲ್ಲ. ಆ ಹಣದಿಂದ ಮಾಡಿದ ದಾಸೋಹವೂ ದಾಸೋಹವಲ್ಲ.