ನಾಲತವಾಡಕ್ಕೆ ರೈಲು: ಲಾಭದ ಲೆಕ್ಕ ಮತ್ತು ಜನರ ಲೆಕ್ಕ

ಮುದ್ದೇಬಿಹಾಳ ತಾಲೂಕಿನ ನಾಲತವಾಡದಿಂದ ಪಶ್ಚಿಮಕ್ಕೆ ಹೊರಟರೆ ರೈಲು ಹಳಿ ಕಾಣಲು ಆಲಮಟ್ಟಿವರೆಗೆ ಸುಮಾರು 50 ಕಿ.ಮೀ. ಸಾಗಬೇಕು. ಪೂರ್ವಕ್ಕೆ ಹೊರಟರೆ ಯಾದಗಿರಿ ನೂರು ಕಿ.ಮೀ.ಗೂ ಆಚೆಗಿದೆ. ಈ ಎರಡು ನಿಲ್ದಾಣಗಳನ್ನು ಮುದ್ದೇಬಿಹಾಳ, ನಾಲತವಾಡ, ಹುಣಸಗಿ, ಸುರಪುರ, ಶಹಾಪುರಗಳ ಮೂಲಕ ಜೋಡಿಸಬೇಕೆಂಬುದು ಕೃಷ್ಣಾ ತೀರದ ಜನರ ಹಳೆಯ ಬೇಡಿಕೆ. ಸುಮಾರು 160 ಕಿ.ಮೀ. ಉದ್ದದ ಈ ಮಾರ್ಗ ಮಂಜೂರಾದ ಯೋಜನೆಗಳ ಪಟ್ಟಿಗೆ ಸೇರದೆ ದಶಕಗಳೇ ಉರುಳಿವೆ. ಚುನಾವಣೆ ಬಂದಾಗಲೆಲ್ಲ ಬೇಡಿಕೆಗೆ ಜೀವ ಬರುತ್ತದೆ, ಮನವಿ ಪತ್ರಗಳು ಸಲ್ಲಿಕೆಯಾಗುತ್ತವೆ, ಸಮೀಕ್ಷೆಯ ಮಾತು ಕೇಳಿಬರುತ್ತದೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಇದು ಕೇವಲ ಕೇಂದ್ರದ ಮಲತಾಯಿ ಧೋರಣೆಯೇ ಎಂಬ ಪ್ರಶ್ನೆಗೆ ಸರಳವಾದ ಉತ್ತರವಿಲ್ಲ. ಹಣವೇ ಇಲ್ಲ ಎನ್ನುವ ಕಾಲವಂತೂ ಮುಗಿದಿದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರೈಲ್ವೆಯ ಬಂಡವಾಳ ವೆಚ್ಚಕ್ಕೆ 2.52 ಲಕ್ಷ ಕೋಟಿ ರೂ. ನೆರವು ದೊರೆಯಿತು. ಕರ್ನಾಟಕದ ಪಾಲಿಗೆ 7,564 ಕೋಟಿ ರೂ. ನೀಡಲಾಗಿದೆ ಎಂದು ರೈಲ್ವೆ ಸಚಿವರು ಪ್ರಕಟಿಸಿದರು. 2009ರಿಂದ 2014ರವರೆಗೆ ರಾಜ್ಯಕ್ಕೆ ಸಿಗುತ್ತಿದ್ದುದು ವರ್ಷಕ್ಕೆ ಸರಾಸರಿ 835 ಕೋಟಿ ರೂ. ಮಾತ್ರ ಎಂಬುದು ಅವರೇ ಕೊಟ್ಟ ಹೋಲಿಕೆ. ಹಾಗಾದರೆ ಒಂಬತ್ತು ಪಟ್ಟು ಬೆಳೆದ ಈ ಮೊತ್ತದಲ್ಲಿ ನಾಲತವಾಡದ ಪಾಲೆಷ್ಟು ಎಂಬುದೇ ಈ ಭಾಗದ ಜನರ ಯಕ್ಷಪ್ರಶ್ನೆ.

'ರೋಡ್' ನಿಲ್ದಾಣಗಳ ಜಿಲ್ಲೆ

ವಿಜಯಪುರ ಜಿಲ್ಲೆಗೆ ರೈಲು ಹೊಸದಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೋಟಗಿ-ಗದಗ ಮೀಟರ್ ಗೇಜ್ ಮಾರ್ಗವನ್ನು 1884ರಲ್ಲೇ ತೆರೆಯಿತು. ಆದರೆ ಆ ಹಳಿ ಉತ್ತರದಿಂದ ದಕ್ಷಿಣಕ್ಕೆ ಗೆರೆ ಎಳೆದಂತೆ ಹೋಯಿತೇ ಹೊರತು ಪೂರ್ವದ ತಾಲೂಕುಗಳತ್ತ ತಿರುಗಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳ ಹೆಸರೇ ಕಥೆಯನ್ನು ಹೇಳುತ್ತವೆ: ರೈಲು ಊರಿಗೆ ಬರಲಿಲ್ಲ, ಊರಿನ ದಾರಿಗಷ್ಟೇ ಬಂತು. ಸಿಂದಗಿ ಮತ್ತು ಮುದ್ದೇಬಿಹಾಳಕ್ಕೆ ಅಷ್ಟೂ ಭಾಗ್ಯವಿಲ್ಲ. ಸಿಂದಗಿ, ಜೇವರ್ಗಿಗಳ ಮೂಲಕ ವಿಜಯಪುರ-ಶಹಾಬಾದ್ ಮಾರ್ಗ ಬೇಕೆಂಬ ಕೂಗು ಒಂದೆಡೆ, ಆಲಮಟ್ಟಿ-ಯಾದಗಿರಿ ಮಾರ್ಗದ ಕೂಗು ಇನ್ನೊಂದೆಡೆ ಇಂದಿಗೂ ಕೇಳುತ್ತಿದೆ.

ನೂರಕ್ಕೂ ಹೆಚ್ಚು ವರ್ಷಗಳ ಈ ಕೊರತೆ ಜನಜೀವನದಲ್ಲಿ ಎದ್ದು ಕಾಣುತ್ತದೆ. ತೊಗರಿ, ಜೋಳ, ಸೂರ್ಯಕಾಂತಿ ಬೆಳೆಯುವ ಈ ಎರೆಭೂಮಿಯಿಂದ ಮಾಲು ಸಾಗುವುದು ಲಾರಿಗಳಲ್ಲಿ. ತಾಂಡಾಗಳಿಂದ, ಹಳ್ಳಿಗಳಿಂದ ಗೋವೆಗೆ, ಮಹಾರಾಷ್ಟ್ರಕ್ಕೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಮಕ್ಕಳು ಮರಿ, ಪಾತ್ರೆ ಪಗಡಗಳೊಂದಿಗೆ ಏರುವುದು ಬಸ್ಸು, ಟೆಂಪೋಗಳನ್ನು. ರೈಲಿನ ಎರಡನೇ ದರ್ಜೆಯ ಟಿಕೆಟ್ಟು ಬಸ್ ದರಕ್ಕಿಂತ ಎಷ್ಟೋ ಅಗ್ಗ ಎಂಬುದನ್ನು ಬಲ್ಲ ಜನರಿಗೆ ರೈಲು ಪ್ರತಿಷ್ಠೆಯ ಪ್ರಶ್ನೆಯಲ್ಲ, ಕೂಲಿಯಲ್ಲಿ ಉಳಿಯುವ ಹಣದ ಪ್ರಶ್ನೆ.

ಲಾಭದ ಅಳತೆಗೋಲು

ಹೊಸ ಮಾರ್ಗದ ಪ್ರಸ್ತಾವ ಬಂದಾಗ ರೈಲ್ವೆ ಮೊದಲು ಕೇಳುವುದು ಹೂಡಿದ ಬಂಡವಾಳಕ್ಕೆ ಎಷ್ಟು ಪ್ರತಿಫಲ ಎಂದು. ಬಹುಕಾಲ ಇದಕ್ಕೆ ಶೇ. 14ರ ಮಾನದಂಡವಿತ್ತು. ಕಲ್ಲಿದ್ದಲು, ಅದಿರು, ಸಿಮೆಂಟ್ ಸಾಗುವ ಮಾರ್ಗಗಳು ಈ ಗೆರೆಯನ್ನು ಸುಲಭವಾಗಿ ದಾಟುತ್ತವೆ. ಕೃಷಿಯನ್ನೇ ನಂಬಿದ ಪ್ರದೇಶದ ಮಾರ್ಗಗಳು ದಾಟುವುದಿಲ್ಲ. ಹಳಿಯಿಲ್ಲದ ಕಾರಣ ಕಾರ್ಖಾನೆ ಬರುವುದಿಲ್ಲ, ಕಾರ್ಖಾನೆಯಿಲ್ಲದ ಕಾರಣ ಸರಕು ಹುಟ್ಟುವುದಿಲ್ಲ, ಸರಕಿಲ್ಲದ ಕಾರಣ ಹಳಿ ಬರುವುದಿಲ್ಲ. ಈ ವಿಷಚಕ್ರದಿಂದ ಹಿಂದುಳಿದ ತಾಲೂಕುಗಳು ತಾವಾಗಿಯೇ ಹೊರಬರುವುದು ಅಸಾಧ್ಯ.

ಇದಕ್ಕೆ ಇದೇ ಜಿಲ್ಲೆಯಲ್ಲಿ ಕಣ್ಣೆದುರಿನ ನಿದರ್ಶನವಿದೆ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ ಬಂದ ಬಳಿಕ ಹೋಟಗಿ-ಕೂಡಗಿ-ಗದಗ ಮಾರ್ಗದ 284 ಕಿ.ಮೀ. ಜೋಡಿಹಳಿ ಕಾಮಗಾರಿಗೆ ವೇಗ ಸಿಕ್ಕಿತು. ಕಲ್ಲಿದ್ದಲು ಬರಬೇಕಾದ ಹೋಟಗಿ-ಕೂಡಗಿ ಭಾಗದ ವೆಚ್ಚಕ್ಕೆ ಎನ್‌ಟಿಪಿಸಿಯೇ ಹಣ ಒದಗಿಸಿತು. ಇದರಿಂದ ಪ್ರಯಾಣಿಕರಿಗೂ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಣ ಕೊಡುವ ದೊಡ್ಡ ಗಿರಾಕಿ ಇದ್ದಲ್ಲಿ ಎರಡನೇ ಹಳಿ ಬಂತು, ಗಿರಾಕಿ ಇಲ್ಲದಲ್ಲಿ ಮೊದಲನೆಯದೂ ಬರಲಿಲ್ಲ ಎಂಬ ಸಾರ್ವಜನಿಕರ ಟೀಕೆಯಲ್ಲಿ ಹುರುಳಿದೆ.

ಅದೇ ವೇಳೆ ರೈಲ್ವೆಯ ಕಷ್ಟವನ್ನೂ ಗಮನಿಸಬೇಕು. 2023-24ರಲ್ಲಿ ಇಲಾಖೆಯು ನೂರು ರೂಪಾಯಿ ಗಳಿಸಲು ಸುಮಾರು 98 ರೂಪಾಯಿ ವೆಚ್ಚ ಮಾಡಿತು. ಉಳಿಯುವ ಎರಡು ರೂಪಾಯಿಯಲ್ಲಿ ಹೊಸ ಮಾರ್ಗ ಕಟ್ಟಲಾಗದು. 1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್ಟಿನೊಂದಿಗೆ ವಿಲೀನಗೊಂಡಿತು. ಅಂದಿನಿಂದ ಹೊಸ ಹಳಿಯ ಹಣ ಬಹುಪಾಲು ತೆರಿಗೆದಾರನ ಜೇಬಿನಿಂದಲೇ ಬರುತ್ತಿದೆ. ತೆರಿಗೆಯ ಹಣದಿಂದ ಕಟ್ಟುವ ಮಾರ್ಗಕ್ಕೆ ಕಂಪನಿಯ ಲಾಭದ ಲೆಕ್ಕವೊಂದೇ ಸಾಕೇ ಎಂಬ ಚರ್ಚೆ ಆದ್ದರಿಂದಲೇ ಪ್ರಸ್ತುತವಾಗುತ್ತದೆ. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಯಾರೂ ಶೇ. 14ರ ಪ್ರತಿಫಲ ಕೇಳುವುದಿಲ್ಲ.

ಮಂಜೂರಾತಿಯೇ ಗುರಿಯಲ್ಲ

ಇನ್ನು ಮಂಜೂರಾದ ಮಾತ್ರಕ್ಕೆ ರೈಲು ಓಡಿಬಿಡುತ್ತದೆಯೇ? ಉತ್ತರ ಕರ್ನಾಟಕದ ಅನುಭವ ಬೇರೆಯದನ್ನೇ ಹೇಳುತ್ತದೆ. 110 ಕಿ.ಮೀ. ಉದ್ದದ ಬೀದರ್-ಕಲಬುರಗಿ ಮಾರ್ಗಕ್ಕೆ 1997-98ರಲ್ಲಿ ಒಪ್ಪಿಗೆ ದೊರೆಯಿತು. ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ಸುಮಾರು 370 ಕೋಟಿ ರೂ.ಗಳ ಅಂದಾಜು 1,500 ಕೋಟಿ ರೂ. ಮೀರಿತ್ತು. ಅದೇ ವರ್ಷ ಒಪ್ಪಿಗೆ ಪಡೆದ ಮುನಿರಾಬಾದ್-ಮೆಹಬೂಬನಗರ ಮಾರ್ಗದಲ್ಲಿ ರೈಲು ಗಂಗಾವತಿ ಮುಟ್ಟಿದ್ದು 2019ರಲ್ಲಿ, ಸಿಂಧನೂರು ಮುಟ್ಟಿದ್ದು 2024ರಲ್ಲಿ. 2010-11ರ ಬಾಗಲಕೋಟೆ-ಕುಡಚಿ ಮಾರ್ಗವೂ ಬಹುಕಾಲ ಖಜ್ಜಿಡೋಣಿಯಲ್ಲೇ ನಿಂತಿತ್ತು. 2013-14ರಲ್ಲಿ ಮಂಜೂರಾದ ಗದಗ-ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ಪ್ರಯಾಣಿಕರ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ.

ವಿಳಂಬದ ಮೂಲ ಹಣದ ಹಂಚಿಕೆಯಲ್ಲಿದೆ. ಪಟ್ಟಿಯಲ್ಲಿ ಹತ್ತು ಯೋಜನೆಗಳಿದ್ದು ಪ್ರತಿಯೊಂದಕ್ಕೂ ವರ್ಷಕ್ಕೆ ಅಷ್ಟಿಷ್ಟು ಅನುದಾನ ನೀಡಿದರೆ ಯಾವುದೂ ಮುಗಿಯುವುದಿಲ್ಲ, ಎಲ್ಲದರ ವೆಚ್ಚವೂ ಬೆಳೆಯುತ್ತದೆ. ಸಂಸದರಿಗೆ ತಮ್ಮ ಕ್ಷೇತ್ರದ ಹೆಸರು ಪಟ್ಟಿಯಲ್ಲಿದ್ದರೆ ಸಮಾಧಾನ. ಜನರ ಮೂಗಿಗೆ ತುಪ್ಪ ಸವರುವ ಈ ಪದ್ಧತಿ ಯಾವುದೇ ಒಂದು ಪಕ್ಷಕ್ಕೆ ಸೀಮಿತವಲ್ಲ.

ಅರ್ಧ ಪಾಲಿನ ಭಾರ

ಕರ್ನಾಟಕದ ಪರಿಸ್ಥಿತಿಗೆ ಇನ್ನೊಂದು ಮುಖವಿದೆ. ಹೊಸ ಮಾರ್ಗಗಳಿಗೆ ವೆಚ್ಚದ ಅರ್ಧದಷ್ಟನ್ನು ರಾಜ್ಯ ಭರಿಸುವುದು, ಭೂಮಿಯನ್ನು ಉಚಿತವಾಗಿ ಒದಗಿಸುವುದು ಇಲ್ಲಿ ರೂಢಿಯಾಗಿದೆ. ಬಾಗಲಕೋಟೆ-ಕುಡಚಿ, ಗದಗ-ವಾಡಿ ಎರಡೂ ಇದೇ ಷರತ್ತಿನ ಮೇಲೆ ಬಂದವು. ಬೀದರ್-ಕಲಬುರಗಿ ಮಾರ್ಗಕ್ಕೆ ಕಿ.ಮೀ.ಗೆ 14 ಕೋಟಿ ರೂ. ತಗುಲಿತೆಂದು ಹಿಡಿದರೂ ಆಲಮಟ್ಟಿ-ಯಾದಗಿರಿಗೆ 2017ರ ದರದಲ್ಲೇ 2,200 ಕೋಟಿ ರೂ. ಮೀರುತ್ತದೆ. ರಾಜ್ಯದ ಪಾಲು ಸಾವಿರ ಕೋಟಿಗೂ ಹೆಚ್ಚು. ಇಂದಿನ ದರದಲ್ಲಿ ಮತ್ತಷ್ಟು.

ಭೂಮಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಆಲಮಟ್ಟಿ ಜಲಾಶಯದ ಎತ್ತರವನ್ನು 524.256 ಮೀಟರ್‌ಗೆ ಏರಿಸಿದರೆ ಮುಳುಗಡೆಯಾಗುವ ಜಮೀನಿಗೆ ನೀರಾವರಿ ಎಕರೆಗೆ 40 ಲಕ್ಷ ರೂ., ಒಣಭೂಮಿ ಎಕರೆಗೆ 30 ಲಕ್ಷ ರೂ. ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಈ ದರ ಕೃಷ್ಣಾ ತೀರದ ಪ್ರತಿ ರೈತನ ಬಾಯಲ್ಲೂ ಇದೆ. ನಾಳೆ ರೈಲಿಗೆ ಭೂಮಿ ಕೇಳಲು ಬಂದವರಿಗೆ ಇದಕ್ಕಿಂತ ಕಡಿಮೆಗೆ ಯಾರು ಒಪ್ಪಿಯಾರು? ಕಿ.ಮೀ.ಗೆ ಹತ್ತು ಎಕರೆ ಬೇಕೆಂದುಕೊಂಡರೆ 160 ಕಿ.ಮೀ.ಗೆ 1,600 ಎಕರೆ. ಎಕರೆಗೆ 30 ಲಕ್ಷದಂತೆ ಭೂಮಿಗೇ 480 ಕೋಟಿ ರೂ. ಆಗುತ್ತದೆ. ಜಲಾಶಯಗಳಿಗಾಗಿ ಒಮ್ಮೆ ಮನೆಮಠ ಬಿಟ್ಟ ಪ್ರದೇಶವಿದು. ರೈಲು ಬೇಕೆನ್ನುವ ಪಟ್ಟಣ ಮತ್ತು ಜಮೀನು ಬಿಡಬೇಕಾದ ಹಳ್ಳಿ ಒಂದೇ ಮಾತನ್ನಾಡುತ್ತವೆ ಎಂದು ಭಾವಿಸುವುದು ತಪ್ಪಾದೀತು.

ಹರಿದು ಹಂಚಿಹೋದ ದನಿ

ಬೇಡಿಕೆ ಬಲ ಪಡೆಯದಿರಲು ಭೂಪಟವೂ ಕಾರಣ. ಮಾರ್ಗದ ಪಶ್ಚಿಮ ಭಾಗ ವಿಜಯಪುರ ಜಿಲ್ಲೆಯಲ್ಲಿ, ಪೂರ್ವ ಭಾಗ ಯಾದಗಿರಿ ಜಿಲ್ಲೆಯಲ್ಲಿ. ಮುದ್ದೇಬಿಹಾಳ ವಿಜಯಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ ಸುರಪುರ, ಶಹಾಪುರ, ಯಾದಗಿರಿ ರಾಯಚೂರು ಕ್ಷೇತ್ರಕ್ಕೆ ಸೇರುತ್ತವೆ. ಆಲಮಟ್ಟಿ ಇರುವುದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿ. ಯಾದಗಿರಿ ಬಹುಕಾಲದಿಂದ ಗುಂತಕಲ್ ವಿಭಾಗದ ನಿಲ್ದಾಣ. ಯಾದಗಿರಿಗೆ ಸಂವಿಧಾನದ 371(ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ವಿಶೇಷ ನೆರವುಂಟು. ಜಿಲ್ಲೆಯ ಗಡಿ ದಾಟಿದ ಕೂಡಲೇ ಸಿಗುವ ಮುದ್ದೇಬಿಹಾಳ ಸೀಮೆ ಬಡತನದಲ್ಲಿ ಸಮಾನವಾಗಿದ್ದರೂ ಆ ವ್ಯಾಪ್ತಿಯ ಹೊರಗಿದೆ. ಎರಡು ಜಿಲ್ಲೆ, ಇಬ್ಬರು ಸಂಸದರು, ಎರಡು ರೈಲ್ವೆ ವಿಭಾಗಗಳ ನಡುವೆ ಬೇಡಿಕೆ ಯಾರ ಮೇಜಿನ ಮೇಲೂ ಮೊದಲ ಕಡತವಾಗುವುದಿಲ್ಲ. ಮಾರ್ಗ ನಿಗದಿಯ ಪ್ರಶ್ನೆ ಬಂದರೆ ತಾಳಿಕೋಟೆ ಮತ್ತು ನಾಲತವಾಡಗಳನ್ನು ಒಂದೇ ಗೆರೆಯಲ್ಲಿ ತರುವುದೂ ಸುಲಭವಲ್ಲ. ಒಂದರ ನೇರ ಉತ್ತರಕ್ಕೆ ಇನ್ನೊಂದಿದೆ.

ರಾಜಕೀಯ ಇಚ್ಛಾಶಕ್ತಿ ಇದ್ದಾಗ ಕಡತ ಚಲಿಸಿದ್ದೂ ಉಂಟು. ಬೆಳಗಾವಿಯ ಸುರೇಶ್ ಅಂಗಡಿ ರೈಲ್ವೆ ರಾಜ್ಯ ಸಚಿವರಾಗಿದ್ದ 2019-20ರ ಅವಧಿಯಲ್ಲಿ ಕಿತ್ತೂರು ಮೂಲಕ ಧಾರವಾಡ-ಬೆಳಗಾವಿ ನೇರ ಮಾರ್ಗಕ್ಕೆ ಚಾಲನೆ ದೊರೆತದ್ದು ಇದಕ್ಕೆ ಸಾಕ್ಷಿ. 2024ರ ಜೂನ್‌ನಲ್ಲಿ ವಿ. ಸೋಮಣ್ಣ ಅದೇ ಖಾತೆಯ ರಾಜ್ಯ ಸಚಿವರಾದಾಗ ಕೃಷ್ಣಾ ತೀರದಲ್ಲೂ ನಿರೀಕ್ಷೆ ಚಿಗುರಿತು.

ನಡುವಿನ ದಾರಿ

ಪೂರ್ಣ ಮಾರ್ಗ ಬೇಕೆಂಬ ಹಟ ಮತ್ತು ಏನೂ ಆಗದೆಂಬ ನಿರಾಶೆಗಳ ನಡುವೆ ಒಂದು ಸಾಧ್ಯತೆಯಿದೆ. ಗದಗ-ವಾಡಿ ಮಾರ್ಗ ಲಿಂಗಸುಗೂರು, ಸುರಪುರ, ಶಹಾಪುರಗಳ ಮೂಲಕವೇ ಸಾಗುತ್ತದೆ. ಅದು ಪೂರ್ಣಗೊಂಡರೆ ಆಲಮಟ್ಟಿ-ಯಾದಗಿರಿ ಬೇಡಿಕೆಯ ಪೂರ್ವಭಾಗ ಬಹುಮಟ್ಟಿಗೆ ಈಡೇರಿದಂತೆ. ವಾಡಿಯಿಂದ ಯಾದಗಿರಿಗೆ ಹಳಿ ಈಗಾಗಲೇ ಇದೆ. ಆಗ ಉಳಿಯುವುದು ಆಲಮಟ್ಟಿಯಿಂದ ಮುದ್ದೇಬಿಹಾಳ, ನಾಲತವಾಡ, ಹುಣಸಗಿ ಮಾರ್ಗವಾಗಿ ಸುರಪುರ ತಲುಪುವ ಸುಮಾರು ನೂರು ಕಿ.ಮೀ. ಮಾತ್ರ. ಭೀಮಾ ನದಿಗೆ ಇನ್ನೊಂದು ಸೇತುವೆ ಕಟ್ಟುವ ವೆಚ್ಚವೂ ತಪ್ಪುತ್ತದೆ. ಆ ನೂರು ಕಿ.ಮೀ. ಹಳಿ ಸೋಲಾಪುರ-ಗದಗ ಮಾರ್ಗವನ್ನು ಗದಗ-ವಾಡಿ ಮಾರ್ಗಕ್ಕೆ ಬೆಸೆಯುವುದರಿಂದ ಸರಕಿನ ಲೆಕ್ಕವೂ ಈಗಿನಂತೆ ಬರಿದಾಗಿ ಕಾಣದು.

ಆದ್ದರಿಂದ ನಾಲತವಾಡದ ಹಿತ ಅಡಗಿರುವುದು ವಿಚಿತ್ರವೆಂಬಂತೆ ಕುಷ್ಟಗಿಯಾಚೆಗಿನ ಕಾಮಗಾರಿಯಲ್ಲಿ. ಗದಗ-ವಾಡಿ ಬೇಗ ಮುಗಿದಷ್ಟೂ ಮುದ್ದೇಬಿಹಾಳದ ವಾದಕ್ಕೆ ಬಲ ಬರುತ್ತದೆ. ಎರಡೂ ಜಿಲ್ಲೆಗಳ ಜನಪ್ರತಿನಿಧಿಗಳು ಪಕ್ಷಭೇದ ಮರೆತು ಒಂದೇ ಮನವಿಗೆ ಸಹಿ ಹಾಕುವುದು, ಪಾಲಿನ ಹಣ ಮತ್ತು ಭೂಮಿಯ ಬಗ್ಗೆ ರಾಜ್ಯ ಸರಕಾರ ತನ್ನ ನಿಲುವನ್ನು ಮೊದಲೇ ಸ್ಪಷ್ಟಪಡಿಸುವುದು, ರೈಲ್ವೆ ಮಂಡಳಿಯು ಹೊಸ ಜೋಡಣೆಯ ಹಿನ್ನೆಲೆಯಲ್ಲಿ ಸರಕು ಮತ್ತು ಪ್ರಯಾಣಿಕರ ಅಂದಾಜನ್ನು ಮತ್ತೆ ಮಾಡುವುದು: ಈ ಮೂರೂ ಆಗದೆ ಮತ್ತೊಂದು ಸಮೀಕ್ಷೆಯಿಂದ ಪ್ರಯೋಜನವಿಲ್ಲ. 1884ರಲ್ಲಿ ಎಳೆದ ಗೆರೆಯ ಪೂರ್ವಕ್ಕೆ ಹಳಿ ತಿರುಗುವುದು ಯಾವಾಗ ಎಂಬುದನ್ನು ನಿರ್ಧರಿಸಬೇಕಾದವರು ಬೆಂಗಳೂರು ಮತ್ತು ದೆಹಲಿಯಲ್ಲಿದ್ದಾರೆ. ಅವರು ನಿರ್ಧರಿಸುವವರೆಗೆ ನಾಲತವಾಡದ ಪ್ರಯಾಣಿಕ ಆಲಮಟ್ಟಿಯ ಬಸ್ಸಿಗೇ ಕಾಯಬೇಕು.