ದಾಳಿಂಬೆಯ ಸಿಪ್ಪೆ: ಗುಣವೂ ಮಿತಿಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಕೆಂಪು ನೆಲಕ್ಕೆ ದಾಳಿಂಬೆ ಒಗ್ಗಿದ ಬೆಳೆ. ಅದರ ಸಿಪ್ಪೆಯನ್ನು ಒಣಗಿಸಿಟ್ಟು, ಮಕ್ಕಳಿಗೆ ಭೇದಿಯಾದಾಗ ಕಷಾಯ ಮಾಡಿ ಕುಡಿಸುವುದು ಹಿರಿಯರ ರೂಢಿ. ಆಯುರ್ವೇದವೂ ದಾಡಿಮವನ್ನು 'ಗ್ರಾಹಿ', ಅಂದರೆ ಮಲವನ್ನು ಬಿಗಿಯುವಂಥದು, ಎಂದು ಹೇಳಿದೆ. ಈ ರೂಢಿಯಲ್ಲಿ ಹುರುಳಿದೆಯೆ?

ಇದೆ. ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುಗಳನ್ನು ಬೆಳೆಸಿ, ನಡುವೆ ಸಿಪ್ಪೆಯ ಸಾರವನ್ನಿಟ್ಟರೆ ಸುತ್ತಲೂ ರೋಗಾಣು ಬೆಳೆಯದ ಒಂದು ತಿಳಿವೃತ್ತ ಮೂಡುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಬೂಷ್ಟಿನ ಸುತ್ತ ಇಂತಹುದೇ ತೆರವನ್ನು ಕಂಡು ಪೆನಿಸಿಲಿನ್ನಿನ ಸುಳಿವು ಹಿಡಿದರು. ಸಿಪ್ಪೆಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳೇ ಇಲ್ಲಿಯ ಶಕ್ತಿ. ಅವುಗಳಲ್ಲಿ ಪ್ಯುನಿಕಾಲಾಜಿನ್ ಮುಖ್ಯವಾದುದು. ಇವು ರೋಗಾಣುವಿನ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ವ್ಯಾಪಾರವನ್ನು ಕೆಡಿಸುತ್ತವೆ. ಕುರು, ಕೀವುಗಳಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಈ ಸಾರಕ್ಕೆ ಬೇಗ ಮಣಿಯುವುದು ಕಂಡುಬಂದಿದೆ.

ಆದರೆ ತಟ್ಟೆಯೇ ಬೇರೆ, ಮಗುವಿನ ಹೊಟ್ಟೆಯೇ ಬೇರೆ. ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದ ನೀರು, ಲವಣಗಳು ಬತ್ತುವುದರಿಂದ. ಕಷಾಯ ಅದನ್ನು ತುಂಬಿಕೊಡಲಾರದು. ಓ.ಆರ್.ಎಸ್. ಪೊಟ್ಟಣವೇ ಮೊದಲು, ಅದು ದೊರೆಯದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಮಲದಲ್ಲಿ ರಕ್ತ ಕಂಡರೆ, ಮಗು ಸೊರಗಿ ಮಂಕಾದರೆ ವೈದ್ಯರಲ್ಲಿಗೆ ಒಯ್ಯುವುದರಲ್ಲಿ ತಡ ಸಲ್ಲದು.

ಇನ್ನೊಂದು ಪಾಠವನ್ನು ತೋಟಗಳೇ ಕಲಿಸಿವೆ. 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ರೋಗ ಉತ್ತರ ಕರ್ನಾಟಕದ ದಾಳಿಂಬೆಯನ್ನು ಕಾಡಿ, ಎಷ್ಟೋ ರೈತರು ಗಿಡಗಳನ್ನೇ ಕಿತ್ತುಹಾಕುವಂತೆ ಮಾಡಿತು. ಆ ರೋಗದ ಮೂಲವೂ ಒಂದು ರೋಗಾಣುವೇ. ಅನ್ಯ ರೋಗಾಣುಗಳನ್ನು ತಡೆಯುವ ಸಿಪ್ಪೆ, ತನ್ನ ಮೈಮೇಲೆ ಬಿದ್ದ ಈ ರೋಗಾಣುವನ್ನು ತಡೆಯದೆ ಕಪ್ಪಾಗಿ ಸೀಳಿತು! ಎಲ್ಲ ರೋಗಾಣುಗಳನ್ನೂ ಗೆಲ್ಲುವ ಮದ್ದು ಸೃಷ್ಟಿಯಲ್ಲಿಲ್ಲ. ರೋಗವನ್ನು ತಡೆಯಲೆಂದು ರೈತರು ಸ್ಟ್ರೆಪ್ಟೊಸೈಕ್ಲಿನ್ ಮುಂತಾದ ಔಷಧಿಗಳನ್ನು ಸಿಂಪಡಿಸಿದರು. ಹೀಗೆ ಸಿಂಪಡಿಸಿದ್ದು ಮೊದಲು ನಿಲ್ಲುವುದು ಸಿಪ್ಪೆಯ ಮೇಲೆಯೇ. ಆದುದರಿಂದ ಪೇಟೆಯ ಹಣ್ಣಿನ ಸಿಪ್ಪೆಯನ್ನು ಮದ್ದೆಂದು ಬಳಸುವುದು ಕ್ಷೇಮವಲ್ಲ.

ಹಿತ್ತಲಿನಲ್ಲಿ ಔಷಧಿ ಸೋಕದ ಗಿಡವಿದ್ದವರು ಸಿಪ್ಪೆಯನ್ನು ಒಣಗಿಸಿಟ್ಟುಕೊಳ್ಳಲಿ. ದೊಡ್ಡವರು ಅದರ ಕಷಾಯದಿಂದ ಬಾಯಿ ಮುಕ್ಕಳಿಸಲಿ. ಭೇದಿಯಾದ ಮಗುವಿಗೆ ಮಾತ್ರ ಮೊದಲು ಉಪ್ಪು ಸಕ್ಕರೆಯ ನೀರು ದೊರೆಯಲಿ. ಹಿರಿಯರ ಮದ್ದನ್ನು ಗೌರವಿಸುವುದೆಂದರೆ ಅದರ ಮಿತಿಯನ್ನೂ ಅರಿತಿರುವುದು.