ಮೈದಾನ ಯಾರ ಹೆಸರಿನಲ್ಲಿದೆ?

ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟಿತ್ತು. ಇತ್ತು ಎಂದೆ, ಏಕೆಂದರೆ ಹೋದ ವಾರ ಜೆಸಿಬಿ ಬಂದು ಅಲ್ಲಿ ಪಾಯ ತೋಡಿದೆ. ಐದಾರು ವರ್ಷದಿಂದ ಕುವೆಂಪುನಗರದ ಈ ಭಾಗದ ಹುಡುಗರಿಗೆ ಅದೇ ಫುಟ್‌ಬಾಲ್ ಮೈದಾನ. ಈ ಕಡೆ ಎರಡು ಇಟ್ಟಿಗೆ, ಆ ಕಡೆ ಎರಡು ಇಟ್ಟಿಗೆ, ಗೋಲು ಸಿದ್ಧ. ಆ ಸಂಜೆ ಏಳನೇ ಕ್ಲಾಸಿನ ನನ್ನ ಮೊಮ್ಮಗ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಬಂದ. "ತಾತ, ನಮ್ಮ ಗ್ರೌಂಡ್ ಹೋಯ್ತು" ಎಂದ.

"ಅದು ನಿಮ್ಮದಾಗಿತ್ತೇನೋ?" ಎಂದುಬಿಟ್ಟೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಸಾಲದ ಲೆಡ್ಜರ್ ಬರೆದವನ ಬಾಯಿ ಇದು. ಹಾಗೆ ಅನ್ನಬಾರದಿತ್ತು. ಆದರೆ ಅವನು ಸುಮ್ಮನಿರುವ ಪೈಕಿ ಅಲ್ಲ. "ಹಾಗಾದ್ರೆ ಬೆಂಗಳೂರು ಎಫ್‌ಸಿಗೆ ಕಂಠೀರವ ಸ್ವಂತದ್ದಾ?" ಎಂದು ಕೇಳಿದ.

ಅಲ್ಲ ಮಕ್ಕಳೇ. ನಮ್ಮ ಮೈಸೂರು ಅರಸು ರಣಧೀರ ಕಂಠೀರವರ ಹೆಸರು ಹೊತ್ತ ಆ ಕ್ರೀಡಾಂಗಣ ರಾಜ್ಯ ಸರ್ಕಾರದ್ದು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಅಲ್ಲೇ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆ ವರ್ಷವೇ ಐ-ಲೀಗ್ ಗೆದ್ದು, ಮರುವರ್ಷ ಕಂಠೀರವಕ್ಕೆ ಬಂತು. ಅಂದಿನಿಂದ ಅಲ್ಲಿ ಬಾಡಿಗೆದಾರ.

ಬಾಡಿಗೆದಾರನಿಗೆ ಏನೇನು ಕಷ್ಟ ಅಂತ ಬಾಡಿಗೆ ಮನೆಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಕಂಠೀರವದ ಹುಲ್ಲಿನ ಸುತ್ತ ಓಟದ ಟ್ರ್ಯಾಕ್ ಇದೆ. ಹಾಗಾಗಿ ಪ್ರೇಕ್ಷಕ ಆಟದಿಂದ ದೂರ ಕೂರಬೇಕು. ಇನ್ನೊಂದು ಕಡೆ, ಜಾವೆಲಿನ್, ಹ್ಯಾಮರ್ ಎಸೆಯುವ ಮಕ್ಕಳಿಗೂ ಅದೇ ಹುಲ್ಲು ಬೇಕು. ಫುಟ್‌ಬಾಲ್‌ನಿಂದ ನಮ್ಮ ಅಭ್ಯಾಸ ಕೆಡುತ್ತಿದೆ ಎಂದು ಅಥ್ಲೀಟುಗಳು ದೂರಿ, ವಿಷಯ ಹೈಕೋರ್ಟಿನವರೆಗೂ ಹೋಗಿತ್ತು. ನನ್ನನ್ನು ಕೇಳಿದರೆ ಅಥ್ಲೀಟುಗಳ ದೂರಿನಲ್ಲಿ ನ್ಯಾಯವಿದೆ. ಆ ಮನೆ ಕಟ್ಟಿದ್ದೇ ಅವರಿಗಾಗಿ.

"ಹಂಗಾದ್ರೆ ಸ್ವಂತದ್ದೇ ಕಟ್ಟಿಕೊಳ್ಳಲಿ" ಎಂದ ಮೊಮ್ಮಗ. ಕಟ್ಟಬಹುದು. ಆದರೆ ಲೆಕ್ಕ ಹಾಕು ಮಗು. ಒಂದು ಸೀಸನ್‌ನಲ್ಲಿ ತವರಿನಲ್ಲಿ ಆಡುವ ಲೀಗ್ ಪಂದ್ಯ ಸಾಮಾನ್ಯವಾಗಿ ಹತ್ತೋ ಹನ್ನೆರಡೋ. ಮಿಕ್ಕ ದಿನವೂ ಹುಲ್ಲಿಗೆ ನೀರು ಬಿಡಬೇಕು, ಕಾವಲುಗಾರನಿಗೆ ಸಂಬಳ ಕೊಡಬೇಕು, ಸಾಲದ ಬಡ್ಡಿ ಕಟ್ಟಬೇಕು. ಮಗಳ ಮದುವೆಗೆ ನಾವು ಛತ್ರ ಬಾಡಿಗೆಗೆ ಹಿಡಿಯುತ್ತೇವೆಯೇ ಹೊರತು ಛತ್ರವನ್ನೇ ಕಟ್ಟಿಸುವುದಿಲ್ಲವಲ್ಲ!

ಜರ್ಮನಿಯ ಮ್ಯೂನಿಕ್ ನಗರದ್ದೊಂದು ಕಥೆ ಇದೆ. ನನಗೆ ಬಹಳ ಹಿಡಿಸಿದ್ದು. ಅಲ್ಲಿ ಬಾಯರ್ನ್ ಮತ್ತು 1860 ಮ್ಯೂನಿಕ್ ಎಂಬ ಎರಡು ಕ್ಲಬ್ಬುಗಳು ಅಣ್ಣ ತಮ್ಮಂದಿರ ಹಾಗೆ ಅರ್ಧರ್ಧ ಪಾಲು ಹಾಕಿ ದೊಡ್ಡ ಕ್ರೀಡಾಂಗಣ ಕಟ್ಟಿದವು. 2005ರಲ್ಲಿ ಗೃಹಪ್ರವೇಶ ಆಯಿತು. ಖರ್ಚು ಸುಮಾರು 34 ಕೋಟಿ ಯೂರೋ. ಮರುವರ್ಷವೇ ತಮ್ಮನ ಕೈ ಕಟ್ಟಿತು. 1860 ಕ್ಲಬ್ಬು ತನ್ನ ಅರ್ಧ ಪಾಲನ್ನು ಬರೀ 1.1 ಕೋಟಿ ಯೂರೋಗೆ ಅಣ್ಣನಿಗೇ ಮಾರಿ, ತಾನು ಕಟ್ಟಿದ ಮನೆಯಲ್ಲೇ ಬಾಡಿಗೆಗೆ ನಿಂತಿತು. 2017ರಲ್ಲಿ ಅದನ್ನೂ ಬಿಟ್ಟು ಹೊರಟಿತು. ಅಣ್ಣ ಬಾಯರ್ನ್ ಮಾತ್ರ 25 ವರ್ಷದ ಸಾಲವನ್ನು 2014ರಲ್ಲೇ, ಅಂದರೆ ಒಂಬತ್ತೂವರೆ ವರ್ಷಕ್ಕೇ ತೀರಿಸಿಬಿಟ್ಟಿತು. ಅಂಥ ಗಿರಾಕಿ ನನ್ನ ಕೌಂಟರಿಗೆ ಬಂದಿದ್ದರೆ ಎದ್ದು ನಿಂತು ಕಾಫಿ ತರಿಸುತ್ತಿದ್ದೆ.

ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಇದ್ದ ಮನೆ ಕಳೆದುಕೊಂಡವರ ಪಾಡೂ ಇದೆ. ಇಂಗ್ಲೆಂಡಿನ ಕವೆಂಟ್ರಿ ಸಿಟಿ ಕ್ಲಬ್ಬು 1899ರಿಂದ ಒಂದೇ ಮೈದಾನದಲ್ಲಿ ಆಡಿಕೊಂಡಿತ್ತು. 2005ರಲ್ಲಿ ಅದನ್ನು ಬಿಟ್ಟು ಹೊಸ ಕ್ರೀಡಾಂಗಣಕ್ಕೆ ಬಾಡಿಗೆಗೆ ಹೋಯಿತು. ಬಾಡಿಗೆಯ ಜಗಳ ಹತ್ತಿ, 2013ರಲ್ಲಿ ತವರು ಪಂದ್ಯಗಳನ್ನು ನಾರ್ಥಾಂಪ್ಟನ್ ಎಂಬ ಬೇರೆ ಊರಿನಲ್ಲಿ ಆಡಬೇಕಾಯಿತು. 2019ರಿಂದ ಎರಡು ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ. ತನ್ನ ಊರಿನ ಆಟ ನೋಡಲು ಪಕ್ಕದ ಊರಿಗೆ ಹೋಗಬೇಕಾದ ಆ ಊರಿನ ಅಜ್ಜ-ಮೊಮ್ಮಕ್ಕಳನ್ನು ನೆನೆಸಿಕೊಳ್ಳಿ. 2025ರಲ್ಲಿ ಆ ಕ್ರೀಡಾಂಗಣವನ್ನು ಕ್ಲಬ್ಬೇ ಕೊಂಡುಕೊಂಡಿತು. ಇಪ್ಪತ್ತು ವರ್ಷ ಹಿಡಿಯಿತು.

ಹಾಗೆಂದು ಬಾಡಿಗೆದಾರರೆಲ್ಲ ಬಡಪಾಯಿಗಳಲ್ಲ. ಮ್ಯಾಂಚೆಸ್ಟರ್ ಸಿಟಿ 2003ರಿಂದ ನಗರಸಭೆಯ ಕ್ರೀಡಾಂಗಣದಲ್ಲಿ ಆಡುತ್ತಿದೆ. ಆ ಜಾಗದಲ್ಲಿದ್ದುಕೊಂಡೇ 2023ರಲ್ಲಿ ಒಂದೇ ವರ್ಷ ಮೂರು ದೊಡ್ಡ ಕಪ್ ಎತ್ತಿತು. ಗುಟ್ಟು ಇರುವುದು ಕರಾರಿನಲ್ಲಿ. ಅವರದು 200ಕ್ಕೂ ಹೆಚ್ಚು ವರ್ಷದ ಲೀಸು. ನಮ್ಮಲ್ಲಿ ಬಾಡಿಗೆ ಮನೆಗೆ 11 ತಿಂಗಳ ಕರಾರು ಮಾಡುತ್ತೇವಲ್ಲ, ಹಾಗಲ್ಲ. ಹನ್ನೊಂದು ತಿಂಗಳ ಮನೆಗೆ ಯಾರೂ ಸುಣ್ಣ ಹೊಡೆಸುವುದಿಲ್ಲ. ಮುಂದಿನ ಹತ್ತು ವರ್ಷ ಇಲ್ಲೇ ಇರುತ್ತೇನೆ ಎಂಬ ಭರವಸೆ ಇದ್ದರೆ ಬಾಡಿಗೆದಾರನೂ ಹಿತ್ತಲಲ್ಲಿ ತೆಂಗಿನ ಸಸಿ ನೆಡುತ್ತಾನೆ. ನಾನೂ ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ನೆಟ್ಟಿದ್ದೆ. ಕಾಯಿ ಬಿಟ್ಟಾಗ ತಿಂದವರು ಬೇರೆ, ಆ ಮಾತು ಬಿಡಿ.

ಆದ್ದರಿಂದ ಬೆಂಗಳೂರಿನಂಥ ಕಡೆ, ಜಾಗದ ಬೆಲೆ ಆಕಾಶಕ್ಕೇರಿರುವಾಗ, ಸರ್ಕಾರದ ಮೈದಾನ ಸರ್ಕಾರದ್ದೇ ಆಗಿರಲಿ ಎನ್ನುವುದು ನನ್ನ ಪಕ್ಷ. ಮಾರಿದ ಮೈದಾನ ಮುಂದೊಂದು ದಿನ ಮಾಲ್ ಆದೀತು. ಕ್ಲಬ್ಬಿಗೆ ದೀರ್ಘ ಕಾಲದ ಕರಾರು ಕೊಡಲಿ. ಅದರಲ್ಲಿ ಅಥ್ಲೀಟುಗಳ ವೇಳೆಯನ್ನು ಮೊದಲು ಬರೆದಿಟ್ಟು, ಆಮೇಲೆ ಫುಟ್‌ಬಾಲಿನದು ಬರೆಯಲಿ.

ಇಷ್ಟೆಲ್ಲ ಕೇಳಿ ಮೊಮ್ಮಗ, "ಅದಿರಲಿ ತಾತ, ನಾಳೆ ನಾವು ಎಲ್ಲಿ ಆಡೋದು?" ಎಂದ. ಟರ್ಫ್ ಬಾಡಿಗೆಗೆ ಹಿಡಿಯೋಣವೆಂದರೆ ಒಂದು ಗಂಟೆಗೆ ಕೇಳುವ ದುಡ್ಡು ಹತ್ತು ಹುಡುಗರ ಪಾಕೆಟ್ ಮನಿ ಸೇರಿಸಿದರೂ ಹುಟ್ಟುವುದಿಲ್ಲ. ಕೊನೆಗೆ ಹತ್ತಿರದ ಶಾಲೆಯ ಮೈದಾನ ನೆನಪಾಯಿತು. ಸಂಜೆ ಬಾಗಿಲು ಹಾಕಿರುತ್ತದೆ. ಇಬ್ಬರೂ ಕೂತು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದೆವು: ಸಂಜೆ 5ರಿಂದ 6.30, ಆಟ ಮುಗಿದ ಮೇಲೆ ಕಸ ಆರಿಸುವುದು ನಮ್ಮ ಜವಾಬ್ದಾರಿ, ಗಾಜು ಒಡೆದರೆ ಹಾಕಿಸಿಕೊಡುತ್ತೇವೆ. ಹತ್ತೂ ಹುಡುಗರು ಸಹಿ ಹಾಕಿದ್ದಾರೆ, ಒಬ್ಬ ಹೆಬ್ಬೆಟ್ಟನ್ನೂ ಒತ್ತಿದ್ದಾನೆ.

ಅವಧಿ ಎಂಬಲ್ಲಿಗೆ ಬಂದಾಗ ಮೊಮ್ಮಗ, "ಒಂದು ತಿಂಗಳು ಅಂತ ಕೇಳು ತಾತ, ಜಾಸ್ತಿ ಕೇಳಿದ್ರೆ ಕೊಡಲ್ಲ" ಎಂದ. ನಾನು ಮೂರು ವರ್ಷ ಎಂದು ಬರೆದೆ. ಸೋಮವಾರ ಕೊಡಲು ಹೋಗುತ್ತಿದ್ದೇವೆ.